ಒಂದೇ ಯಂತ್ರ, ಎರಡು ಸಂಸಾರ

ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದರೆ ಉಗ್ರಾಣ ಯಾರದೆಂಬ ಪ್ರಶ್ನೆ ಏಳುವುದು ಸಹಜ. ಕಲಬುರಗಿಯ ರೋಜಾದಂಥ ಬಡಾವಣೆಯ ಮನೆಯೊಂದನ್ನು ಊಹಿಸಿಕೊಳ್ಳಿ: ತಂದೆಗೆ ವಿಂಡೋಸ್, ಕಾಲೇಜಿಗೆ ಹೋಗುವ ಮಗಳಿಗೆ ಅದೇ ಗಣಕಯಂತ್ರದಲ್ಲಿ ಲಿನಕ್ಸ್. ಕಡತಗಳು ಮಾತ್ರ ಇಬ್ಬರಿಗೂ ಬೇಕು.

ಈ ಉಗ್ರಾಣದ ಬಾಗಿಲು ಒಂದೇ ಕಡೆಗೆ ತೆರೆಯುವಂಥದು. ಲಿನಕ್ಸು ವಿಂಡೋಸಿನ ಎನ್‌ಟಿಎಫ್‌ಎಸ್ ವಿಭಾಗವನ್ನು ಓದಬಲ್ಲುದು, ಅಲ್ಲಿ ಬರೆಯಲೂ ಬಲ್ಲುದು. ವಿಂಡೋಸಾದರೋ ಲಿನಕ್ಸಿನ ವಿಭಾಗವನ್ನು ತಾನಾಗಿ ಗುರುತಿಸಲಾರದು. ಆದುದರಿಂದ ಇಬ್ಬರಿಗೂ ಬೇಕಾದುದನ್ನು ಎನ್‌ಟಿಎಫ್‌ಎಸ್‌ನಲ್ಲಿಡುವುದೇ ಲೇಸು. ಆದರೆ 2012ರ ವಿಂಡೋಸ್ 8ರಿಂದ ಬಂದ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡು, ಯಂತ್ರ ಆರಿದಂತೆ ತೋರಿಸಿ ವಿಂಡೋಸನ್ನು ಅರೆನಿದ್ರೆಯಲ್ಲಿಡುತ್ತದೆ. ಆಗ ಬಲವಂತವಾಗಿ ಬರೆದರೆ ಕಡತ ಕೆಟ್ಟೀತು. ಅದನ್ನು ನಿಲ್ಲಿಸಿಬಿಡಿ.

ಕನ್ನಡಿಗರ ನಿಜವಾದ ತೊಡಕು ಅಕ್ಷರದ್ದು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಹಳೆಯ ಅಕ್ಷರಶೈಲಿಯಲ್ಲಿ ಬರೆದ ಪತ್ರ ಲಿನಕ್ಸಿನಲ್ಲಿ ತೆರೆಯುತ್ತದೆ, ಆದರೆ ಆ ಶೈಲಿ ಅಲ್ಲಿ ಇಲ್ಲದಿದ್ದರೆ ಕನ್ನಡ ಕಾಣದು, ರೋಮನ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಸಾಲುಗಟ್ಟಿ ನಿಲ್ಲುತ್ತವೆ. ರೋಮನ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ವೇಷ ತೊಡಿಸಿದ್ದರ ಫಲವಿದು. 1991ರ ಯೂನಿಕೋಡ್ ನಮ್ಮ ಅಕ್ಷರಗಳಿಗೆ ಅವುಗಳದೇ ಸಂಖ್ಯೆ ಕೊಟ್ಟಿತು. ಅದರಲ್ಲಿ ಬರೆದುದನ್ನು ಎರಡೂ ಒಲೆಯವರು ಓದಬಲ್ಲರು.

ಅಜ್ಜನ ಆತ್ಮಕಥೆಯೋ ಹೊಲದ ತಕರಾರಿನ ಅರ್ಜಿಯೋ ಹಳೆಯ ನುಡಿಯಲ್ಲಿದ್ದರೆ, ಮೂಲವನ್ನು ಹಾಗೆಯೇ ಉಳಿಸಿ, ಒಂದು ಪ್ರತಿಯನ್ನು ಯೂನಿಕೋಡಿಗೆ ಪರಿವರ್ತಿಸಿರಿ. ಪರಿವರ್ತನೆಯಾದ ಮೇಲೆ ಸಾಲುಸಾಲಾಗಿ ಓದಿನೋಡಿ. ಒತ್ತಕ್ಷರಗಳೂ ಅರ್ಕಾವತ್ತುಗಳೂ ಅಲ್ಲಲ್ಲಿ ಸ್ಥಾನ ತಪ್ಪಿರುವುದುಂಟು.