ಮೂವತ್ತು ಲೀಟರಿನ ಸಮುದ್ರ

ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಊರಿನ ಹೆಸರಿನ ಜೊತೆಗೆ ಸಮುದ್ರ ಮಟ್ಟದಿಂದ ಅದರ ಎತ್ತರವನ್ನೂ ಬರೆದಿರುವುದನ್ನು ನೀವು ಗಮನಿಸಿರಬಹುದು. ರಾಮನಗರ ಸುಮಾರು 750 ಮೀಟರ್ ಎತ್ತರದಲ್ಲಿದೆ. ಚನ್ನಪಟ್ಟಣವೂ ಹೆಚ್ಚುಕಡಿಮೆ ಅಷ್ಟೇ. ಮಾಗಡಿ ಇನ್ನೂ ಎತ್ತರ, ಕನಕಪುರ ಸ್ವಲ್ಪ ತಗ್ಗು. ಈ ನಾಲ್ಕು ಊರುಗಳಿಂದ ಯಾವ ದಿಕ್ಕಿಗೆ ಹೊರಟರೂ ಇನ್ನೂರು ಕಿಲೋಮೀಟರಿಗಿಂತ ಹತ್ತಿರದಲ್ಲಿ ಸಮುದ್ರವಿಲ್ಲ. ಕಾಲ ಕೆಳಗಿರುವುದು ಸುಮಾರು 250 ಕೋಟಿ ವರ್ಷ ಹಳೆಯ ಬಂಡೆ. ರಾಮನಗರದ ಹಳೆಯ ಹೆಸರಿನಿಂದಲೇ ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ.

ಇಂಥ ಕಡೆ, ಶಾಲೆಯ ಪ್ರಯೋಗಾಲಯದ ಮೇಜಿನ ಮೇಲೆ, ಒಂದು ಪುಟ್ಟ ಹವಳ ದಿಬ್ಬದ ತೊಟ್ಟಿಯನ್ನು ಇಡಬಹುದೇ? ಅದರಲ್ಲಿ ಯಾವ ಮೀನು ಬಿಡಬೇಕು? ಹವಳವನ್ನು ಹೇಗೆ ನೋಡಿಕೊಳ್ಳಬೇಕು? ನಮ್ಮ ಭಾಗದ ಪ್ರೌಢಶಾಲೆಯ ಅಧ್ಯಾಪಕರೊಬ್ಬರು ಕೇಳಿದ ಪ್ರಶ್ನೆಗಳಿವು. ನಾನು ಭೌತಶಾಸ್ತ್ರದ ಮೇಷ್ಟ್ರು, ಮೀನಿನ ತಜ್ಞನಲ್ಲ. ಆದರೆ ಹಲವು ವರ್ಷಗಳ ಹಿಂದೆ ಇಂಥದೊಂದು ತೊಟ್ಟಿಯನ್ನು ಇಟ್ಟು ಕೈ ಸುಟ್ಟುಕೊಂಡವನು. ಆದ್ದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮೀನು ಸಾಧ್ಯ, ಒಂದು ಅಥವಾ ಎರಡು ಮಾತ್ರ. ಕಲ್ಲು ಹವಳ ಕೂಡದು.

ನನ್ನ ತೊಟ್ಟಿ 45 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರ. ಕಲ್ಲು, ಮರಳು ಹಾಕಿದ ಮೇಲೆ ಅದರಲ್ಲಿ ಹಿಡಿಸಿದ ನೀರು ಸುಮಾರು 30 ಲೀಟರ್. ನೀರು ದಿನವೂ ಅರ್ಧ ಲೀಟರಿನಷ್ಟು ಕಡಿಮೆಯಾಗುತ್ತಿತ್ತು. ಅಷ್ಟನ್ನೂ ನಾನು ಬಕೆಟ್ಟಿನಲ್ಲಿ ಕಲಸಿಟ್ಟಿದ್ದ ಉಪ್ಪುನೀರಿನಿಂದಲೇ ತುಂಬುತ್ತಿದ್ದೆ. ಸಮುದ್ರದ ತೊಟ್ಟಿಗೆ ಸಮುದ್ರದ ನೀರು ಎಂಬುದು ನನ್ನ ತರ್ಕ! ಹತ್ತನೆಯ ದಿನ ಎರಡು ಮೀನುಗಳು ಸತ್ತಿದ್ದವು. ದ್ವಿತೀಯ ಬಿ.ಎಸ್ಸಿ.ಯ ವಿದ್ಯಾರ್ಥಿನಿಯೊಬ್ಬಳು ಹೈಡ್ರೋಮೀಟರ್ ಇಳಿಬಿಟ್ಟು 1.031 ಎಂದು ಓದಿ, "ಸಾರ್, ಆವಿಯಾಗೋದು ನೀರು ಮಾತ್ರ ಅಲ್ವಾ?" ಎಂದಳು. ಬಾಷ್ಪೀಭವನದ ಪಾಠವನ್ನು ಅವಳಿಗೆ ಮಾಡಿದವನು ನಾನೇ.

ಲೆಕ್ಕ ಸರಳ. ಸಮುದ್ರದ ಒಂದು ಕಿಲೋಗ್ರಾಂ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದೆ. ದಿನಕ್ಕೆ ಅರ್ಧ ಲೀಟರಿನಂತೆ ಹತ್ತು ದಿನ ಉಪ್ಪುನೀರು ಸುರಿದರೆ 175 ಗ್ರಾಂ ಲವಣ ಹೆಚ್ಚುವರಿಯಾಗಿ ಸೇರುತ್ತದೆ. ಅದನ್ನು 30 ಲೀಟರಿಗೆ ಹಂಚಿದರೆ ಲೀಟರಿಗೆ ಹತ್ತಿರ ಹತ್ತಿರ 6 ಗ್ರಾಂ. 35 ಇದ್ದದ್ದು 41 ಆಯಿತು. ಆವಿಯಾದ ಪಾಲನ್ನು ತುಂಬಬೇಕಾದದ್ದು ಸಿಹಿನೀರಿನಿಂದ.

ಸಣ್ಣ ತೊಟ್ಟಿ ಏಕೆ ಕಷ್ಟ?

ಚಿಕ್ಕ ತೊಟ್ಟಿ ಸುಲಭ, ದೊಡ್ಡದು ಕಷ್ಟ ಎಂದು ಎಲ್ಲರೂ ಭಾವಿಸುತ್ತಾರೆ. ನಿಜ ಇದಕ್ಕೆ ವಿರುದ್ಧ. ನೀರಿನ ಮೇಲ್ಮೈಯಿಂದ ದಿನಕ್ಕೆ 4 ಮಿಲಿಮೀಟರ್ ಆವಿಯಾಗುತ್ತದೆ ಎಂದು ಇಟ್ಟುಕೊಳ್ಳೋಣ. ಕಲ್ಲಿನ ಜಾಗ ಕಳೆದು ನೀರಿನ ಸರಾಸರಿ ಆಳ 22 ಸೆಂಟಿಮೀಟರ್ ಆದರೆ, ದಿನಕ್ಕೆ ನೂರರಲ್ಲಿ 1.8 ಪಾಲು ನೀರು ಹೋಯಿತು. 60 ಸೆಂಟಿಮೀಟರ್ ಆಳದ ತೊಟ್ಟಿಯಲ್ಲಿ ಅದೇ 4 ಮಿಲಿಮೀಟರ್ ಎಂದರೆ 0.7 ಪಾಲು ಮಾತ್ರ. ಉದ್ದ, ಅಗಲ ಲೆಕ್ಕದಲ್ಲಿ ಹೊಡೆದುಹೋಗಿ ಆಳ ಮಾತ್ರ ಉಳಿಯುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಿ ನೋಡಿ. ದಿಬ್ಬದ ಮೀನು ಹುಟ್ಟಿ ಬೆಳೆದ ಕಡಲಿನಲ್ಲಿ ಲವಣಾಂಶ ಬದಲಾಗುವುದು ತೀರಾ ಕಡಿಮೆ. ಏರಿಳಿತವನ್ನು ಸಹಿಸುವ ಅಭ್ಯಾಸ ಅದಕ್ಕಿಲ್ಲ. ಕೆರೆಯ ಮೀನನ್ನು ಸಾಕಿದ ಅನುಭವ ಇಲ್ಲಿ ದಾರಿ ತಪ್ಪಿಸುವುದೇ ಹೆಚ್ಚು.

ಲವಣಾಂಶವನ್ನು ಅಳೆಯಲು ಹೊಸ ಉಪಕರಣವೇ ಬೇಕೆಂದಿಲ್ಲ. ಹಾಲಿನ ಡೇರಿಯಲ್ಲಿ ಲ್ಯಾಕ್ಟೋಮೀಟರ್ ನೋಡಿರುತ್ತೀರಿ. ಸಮುದ್ರದ ನೀರಿನ ಸಾಪೇಕ್ಷ ಸಾಂದ್ರತೆ ಸುಮಾರು 1.026. ಹಾಲಿನದೂ ಅದರ ಆಸುಪಾಸಿನಲ್ಲೇ, 1.028ರಿಂದ 1.032. ಆದ್ದರಿಂದ 1.026ನ್ನು 26 ಎಂದು ತೋರಿಸುವ ಬಗೆಯ ಲ್ಯಾಕ್ಟೋಮೀಟರ್ ನಮ್ಮ ಕೆಲಸಕ್ಕೆ ಒದಗುತ್ತದೆ. ಅದನ್ನು ಯಾವ ಉಷ್ಣತೆಗೆ ಅಳವಡಿಸಲಾಗಿದೆ ಎಂಬುದನ್ನು ಗಾಜಿನ ಮೇಲೆ ಓದಿ, ಆ ಉಷ್ಣತೆಯ ನೀರಿನಲ್ಲೇ ತೇಲಿಬಿಡಿ. ತಗಲಿಕೊಂಡ ಗಾಳಿಗುಳ್ಳೆಗಳನ್ನು ತಟ್ಟಿ ಬಿಡಿಸದಿದ್ದರೆ ಅದು ಮೇಲೆದ್ದು ಸುಳ್ಳು ಹೇಳುತ್ತದೆ.

ಇನ್ನು ಉಷ್ಣತೆ. ದಿಬ್ಬದ ಜೀವಿಗಳಿಗೆ ಹಿತವಾದದ್ದು 25ರಿಂದ 27 ಡಿಗ್ರಿ ಸೆಲ್ಸಿಯಸ್. 30 ಲೀಟರ್ ಉಪ್ಪುನೀರನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 120 ಕಿಲೋಜೂಲ್ ಸಾಕು. ನೀರನ್ನು ಕದಡುವ 10 ವ್ಯಾಟಿನ ಪುಟ್ಟ ಪಂಪ್ ದಿನವಿಡೀ ಓಡಿದರೆ 864 ಕಿಲೋಜೂಲ್ ಕೊಡುತ್ತದೆ. ಶಾಖ ಹೊರಗೆ ಹೋಗದಿದ್ದರೆ ಅಷ್ಟಕ್ಕೇ ನೀರು 7 ಡಿಗ್ರಿ ಏರುತ್ತದೆ! ನಮ್ಮನ್ನು ಕಾಪಾಡುವುದು ಅದೇ ಬಾಷ್ಪೀಭವನ. ಅರ್ಧ ಲೀಟರ್ ನೀರು ಆವಿಯಾಗುವಾಗ ಗುಪ್ತೋಷ್ಣವಾಗಿ ಸುಮಾರು 1200 ಕಿಲೋಜೂಲನ್ನು ಹೊತ್ತೊಯ್ಯುತ್ತದೆ. ಬೇಸಿಗೆಯಲ್ಲಿ ತೊಟ್ಟಿಯ ಮೇಲೆ ಸಣ್ಣ ಫ್ಯಾನ್ ಬೀಸಿದರೆ ನೀರು ಎರಡು ಮೂರು ಡಿಗ್ರಿ ತಣಿಯುವುದು ಹೂಜಿಯ ನೀರು ತಣಿಯುವ ಕಾರಣಕ್ಕೇ. ಆದರೆ ಫ್ಯಾನ್ ಹಾಕಿದ ದಿನ ಲವಣಾಂಶ ಬೇಗ ಏರುತ್ತದೆ, ಸಿಹಿನೀರು ಹೆಚ್ಚು ಬೇಕು. ಒಂದನ್ನು ಸರಿಪಡಿಸಲು ಹೋದರೆ ಇನ್ನೊಂದು ಜಾರುತ್ತದೆ. ರೇಷ್ಮೆ ಹುಳು ಸಾಕುವ ಮನೆಯ ಮಕ್ಕಳು ನಿಮ್ಮ ತರಗತಿಯಲ್ಲಿದ್ದರೆ ಈ ಕೆಲಸವನ್ನು ಅವರಿಗೆ ವಹಿಸಿ. ಹೆಚ್ಚುಕಡಿಮೆ ಇದೇ ಉಷ್ಣತೆಯನ್ನು ಹಸಿ ಗೋಣಿತಾಟು ಕಟ್ಟಿ ಕಾಯ್ದುಕೊಳ್ಳುವುದನ್ನು ಅವರು ನೋಡಿರುತ್ತಾರೆ.

ಫಲಕದ ಮೇಲಿನ 750 ಮೀಟರ್ ಎಂಬ ಅಂಕಿಗೂ ಇಲ್ಲಿ ಕೆಲಸವಿದೆ. 26 ಡಿಗ್ರಿಯಲ್ಲಿ ಒಂದು ಲೀಟರ್ ಸಿಹಿನೀರಿನಲ್ಲಿ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲುದು. ಸಮುದ್ರದ ನೀರಿನಲ್ಲಿ, ಲವಣದ ಕಾರಣ, 6.6ರಷ್ಟು ಮಾತ್ರ. ರಾಮನಗರದಲ್ಲಿ ವಾಯುವಿನ ಒತ್ತಡ ಕಡಲ ತೀರದ ಒತ್ತಡದ ಸುಮಾರು 92 ಶೇಕಡ. ಆದ್ದರಿಂದ ಇಲ್ಲಿ ಅದು 6ಕ್ಕೆ ಇಳಿಯುತ್ತದೆ, ಮಾಗಡಿಯಲ್ಲಿ ಇನ್ನೂ ತುಸು ಕಡಿಮೆ. ಪಂಪ್ ಓಡುತ್ತಿರುವವರೆಗೆ ಇದು ಸಮಸ್ಯೆಯಲ್ಲ. ರಾತ್ರಿ ವಿದ್ಯುತ್ ಹೋದಾಗ ಸಮಸ್ಯೆ. ಬ್ಯಾಟರಿಯಿಂದ ನಡೆಯುವ ಒಂದು ಏರ್ ಪಂಪ್ ಇಲ್ಲದೆ ಈ ಸಾಹಸಕ್ಕೆ ಇಳಿಯಬೇಡಿ.

ಯಾವ ನೀರು?

ಅಡುಗೆಯ ಉಪ್ಪು ಕರಗಿಸಿದರೆ ಸಮುದ್ರದ ನೀರಾಗುವುದಿಲ್ಲ. ಸಮುದ್ರದ ನೀರಿನ ಲೀಟರೊಂದರಲ್ಲಿ ಸೋಡಿಯಂ, ಕ್ಲೋರೈಡುಗಳಲ್ಲದೆ ಸುಮಾರು 1300 ಮಿಲಿಗ್ರಾಂ ಮೆಗ್ನೀಸಿಯಂ, 400ಕ್ಕೂ ಹೆಚ್ಚು ಮಿಲಿಗ್ರಾಂ ಕ್ಯಾಲ್ಸಿಯಂ, ಸಲ್ಫೇಟ್, ಪೊಟ್ಯಾಸಿಯಂ, ಬೈಕಾರ್ಬೊನೇಟುಗಳೂ ಇವೆ. ಅಕ್ವೇರಿಯಂ ಅಂಗಡಿಯ ಸಮುದ್ರಲವಣದ ಮಿಶ್ರಣವೇ ಬೇಕು. 30 ಲೀಟರಿಗೆ ಒಂದು ಕಿಲೋಗ್ರಾಮಿಗಿಂತ ತುಸು ಹೆಚ್ಚು.

ಅದನ್ನು ಕರಗಿಸಲು ಬೋರ್‌ವೆಲ್ ನೀರು ಬೇಡ. ಬಂಡೆಯ ಬಿರುಕುಗಳಲ್ಲಿ ನಿಂತು ಬಂದ ಆ ನೀರಿನಲ್ಲಿ ಲೀಟರಿಗೆ 600 ಮಿಲಿಗ್ರಾಂ ಲವಣ ಕರಗಿದೆಯೆಂದು ಭಾವಿಸಿ. ದಿನಕ್ಕೆ ಅರ್ಧ ಲೀಟರಿನಂತೆ ವರ್ಷಕ್ಕೆ 180 ಲೀಟರ್ ತುಂಬಿದರೆ, ಆವಿಯಾಗದೆ ತೊಟ್ಟಿಯಲ್ಲೇ ಉಳಿಯುವುದು 108 ಗ್ರಾಂ. ಅದು ಸಮುದ್ರದ ಲವಣವೂ ಅಲ್ಲ. ಊರೂರಲ್ಲಿ ನಾಣ್ಯ ಹಾಕಿ ಹಿಡಿಯುವ ಶುದ್ಧ ಕುಡಿಯುವ ನೀರಿನ ಘಟಕವಿದೆಯಲ್ಲ, ಅದರ ನೀರನ್ನು ಟಿಡಿಎಸ್ ಮೀಟರಿನಿಂದ ಪರೀಕ್ಷಿಸಿ ಬಳಸಬಹುದು. ಎಲ್ಲಕ್ಕಿಂತ ಒಳ್ಳೆಯದು, ಮೊದಲ ಒಂದೆರಡು ಮಳೆ ಬಿಟ್ಟು ಶುಭ್ರ ಚಾವಣಿಯಿಂದ ಹಿಡಿದ ಮಳೆನೀರು. ತಾಮ್ರದ ಪಾತ್ರೆಯಲ್ಲಿ ಮಾತ್ರ ಇಡಬೇಡಿ. ಸಿಗಡಿ, ಹವಳದಂಥ ಅಕಶೇರುಕಗಳಿಗೆ ತಾಮ್ರ ವಿಷ.

ನೀರು ಸಿದ್ಧವಾದ ದಿನವೇ ಮೀನು ಬಿಡುವುದು ಸಾಮಾನ್ಯ ತಪ್ಪು. ಮೀನಿನ ವಿಸರ್ಜನೆಯಿಂದ ಅಮೋನಿಯ ಬರುತ್ತದೆ. ಒಂದು ಗುಂಪಿನ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ಅದನ್ನು ಕಡಿಮೆ ವಿಷದ ನೈಟ್ರೇಟ್ ಮಾಡುತ್ತದೆ. ಇವು ಕಲ್ಲು ಮರಳುಗಳ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಪಿಎಚ್ 7ರ ಸಿಹಿನೀರಿಗಿಂತ 8.2ರ ಸಮುದ್ರದ ನೀರಿನಲ್ಲಿ ವಿಷಕಾರಿ ರೂಪದ ಅಮೋನಿಯದ ಪಾಲು ಹತ್ತು ಪಟ್ಟಿಗೂ ಹೆಚ್ಚು. ಆ ಆರು ವಾರ ಮೀನಿಲ್ಲದ ತೊಟ್ಟಿಗೆ ಚಿಟಿಕೆ ಮೀನಿನ ಆಹಾರ ಹಾಕುತ್ತಾ, ಪರೀಕ್ಷಾ ಕಿಟ್ಟಿನಿಂದ ಮೂರನ್ನೂ ಅಳೆದು ನಕ್ಷೆ ಬರೆಯಿಸಿ. ನನ್ನ ಅಭಿಪ್ರಾಯದಲ್ಲಿ ಇಡೀ ಯೋಜನೆಯಲ್ಲಿ ಕಲಿಯಲು ಹೆಚ್ಚು ಇರುವುದು ಈ ಖಾಲಿ ತೊಟ್ಟಿಯಲ್ಲೇ. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗಿಳಿದ ಮೇಲೆ ಮೀನು. ಆನಂತರ ವಾರಕ್ಕೊಮ್ಮೆ 3 ಲೀಟರ್ ನೀರನ್ನು ಬದಲಿಸಿ.

ಯಾವ ಮೀನು?

'ಫೈಂಡಿಂಗ್ ನೀಮೋ' ಚಿತ್ರ 2003ರಲ್ಲಿ ಬಂದ ಮೇಲೆ ಮಕ್ಕಳು ಕೇಳುವುದು ಎರಡೇ: ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆಯ ಕ್ಲೌನ್ ಮೀನು, ನೀಲಿಯ ಟ್ಯಾಂಗ್. ಎರಡನೆಯದನ್ನು ಮರೆತುಬಿಡಿ. ಅಂಗಡಿಯಲ್ಲಿ ಹೆಬ್ಬೆರಳಿನಷ್ಟಿರುವ ಟ್ಯಾಂಗ್ ಬೆಳೆದರೆ ಒಂದು ಅಡಿಯಷ್ಟಾಗುತ್ತದೆ. ನಿಮ್ಮ ತೊಟ್ಟಿಯ ಅಗಲವೇ ಒಂದು ಅಡಿ. ಬಣ್ಣಕ್ಕೆ ಮರುಳಾಗಿ ಮ್ಯಾಂಡರಿನ್ ಮೀನನ್ನೂ ತರಬೇಡಿ. ಕಲ್ಲಿನ ಮೇಲಿನ ಸೂಕ್ಷ್ಮ ಕಠಿಣಚರ್ಮಿಗಳನ್ನು ಹೆಕ್ಕಿ ತಿನ್ನುವ ಅದಕ್ಕೆ ಇಷ್ಟು ಸಣ್ಣ ಜಾಗದಲ್ಲಿ ಹೊಟ್ಟೆ ತುಂಬುವುದಿಲ್ಲ. ಅಗ್ಗವಾಗಿ ಸಿಗುವ ಡ್ಯಾಮ್ಸೆಲ್ ಗಟ್ಟಿಮುಟ್ಟು, ಆದರೆ ಜಗಳಗಂಟ. ಓಡಿಹೋಗಲು ಜಾಗವಿಲ್ಲದ ಕಡೆ ಬಲಿಷ್ಠವಾದದ್ದು ಉಳಿದವನ್ನು ಕೊಂದೇ ಬಿಡುತ್ತದೆ.

ಉಳಿದದ್ದು ಕ್ಲೌನ್ ಮೀನು. ಒಂದು ಎಳೆಯ ಜೋಡಿ, ಅಥವಾ ಒಂದೇ ಒಂದು ಸಣ್ಣ ಗೋಬಿ ಮೀನು. ಎರಡೂ ಸೇರಿ ಬೇಡ. ಕ್ಲೌನ್ ಮೀನಿಗೆ ತೊಟ್ಟಿಯಲ್ಲಿ ಸೀ ಅನಿಮೋನ್ ಕಡ್ಡಾಯವಲ್ಲ. ಅನಿಮೋನ್ ತಾನೇ ಸರಿದಾಡಿ ಪಂಪಿಗೆ ಸಿಕ್ಕಿ ನೀರನ್ನೆಲ್ಲ ಕೆಡಿಸುವುದುಂಟು. ಜೀವಶಾಸ್ತ್ರದ ಅಧ್ಯಾಪಕರಿಗೆ ಇದರಲ್ಲಿ ಒಳ್ಳೆಯ ಪಾಠವೂ ಇದೆ: ಈ ಮೀನುಗಳೆಲ್ಲ ಮೊದಲು ಗಂಡಾಗಿ ಬೆಳೆಯುತ್ತವೆ, ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಕೊಳ್ಳುವಾಗ ಮರಿಕೇಂದ್ರದಲ್ಲಿ ಹುಟ್ಟಿದ್ದೇ ಎಂದು ಕೇಳಿ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ತನ್ನ ಮಂಡಪಂ, ವಿಳಿಂಜಂ ಕೇಂದ್ರಗಳಲ್ಲಿ ಕ್ಲೌನ್ ಮೀನುಗಳ ಮರಿ ಮಾಡಿಸುವ ವಿಧಾನವನ್ನು ರೂಪಿಸಿದೆ. ತೊಟ್ಟಿಯಲ್ಲೇ ಹುಟ್ಟಿದ ಮರಿ ಒಣ ಆಹಾರವನ್ನು ಸುಲಭವಾಗಿ ತಿನ್ನುತ್ತದೆ. ದಿಬ್ಬದಿಂದ ಹಿಡಿದು ತಂದ ಮೀನು ಎಷ್ಟೋ ಸಲ ಬಾಯಿ ತೆರೆಯದೆಯೇ ಸಾಯುತ್ತದೆ.

ಹವಳದ ಮಾತು

ಹವಳವೆಂದರೆ ಕಲ್ಲಲ್ಲ, ಗಿಡವೂ ಅಲ್ಲ. ಪಾಲಿಪ್ ಎಂಬ ಪುಟ್ಟ ಪ್ರಾಣಿಗಳ ವಸಾಹತು. ಅದರ ಅಂಗಾಂಶದೊಳಗೆ ಏಕಕೋಶ ಶೈವಲಗಳು ವಾಸಿಸುತ್ತವೆ. ಬೆಳಕಿನಲ್ಲಿ ಅವು ತಯಾರಿಸಿದ ಆಹಾರವೇ ಹವಳಕ್ಕೆ ಬೇಕಾದ ಶಕ್ತಿಯ ಬಹುಪಾಲು. ನೀರು ಕೆಂಪು ಬೆಳಕನ್ನು ಬೇಗ ಹೀರುತ್ತದೆ, ಆಳಕ್ಕೆ ತಲುಪುವುದು ನೀಲಿ. ಹೀಗಾಗಿ ಹವಳದ ತೊಟ್ಟಿಗಳಲ್ಲಿ 420ರಿಂದ 480 ನ್ಯಾನೋಮೀಟರ್ ತರಂಗದೂರದ ನೀಲಿ ಎಲ್ಇಡಿ ಬಳಸುತ್ತಾರೆ. ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟನ್ನು ನೀರಿನಿಂದ ಪಡೆದು ಪಾಲಿಪ್ ತನ್ನ ಸುಣ್ಣದ ಗೂಡು ಕಟ್ಟುತ್ತದೆ. ಹೀಗೆ ಖರ್ಚಾದ ಕ್ಯಾಲ್ಸಿಯಮನ್ನು ತುಂಬಲು ಹವಳ ಸಾಕುವವರು ಆವಿಯಾದ ನೀರಿನ ಬದಲು ಸುಣ್ಣದ ತಿಳಿನೀರನ್ನು ಹನಿಹನಿಯಾಗಿ ಬಿಡುವುದುಂಟು. ನಾವು ಪ್ರಯೋಗಾಲಯದಲ್ಲಿ ಉಸಿರೂದಿ ಬೆಳ್ಳಗಾಗಿಸುವ ಅದೇ ಸುಣ್ಣದ ನೀರು!

ಆದರೆ ನೀರಿನ ಉಷ್ಣತೆ ಬೇಸಿಗೆಯ ಸಾಮಾನ್ಯ ಗರಿಷ್ಠಕ್ಕಿಂತ ಒಂದೇ ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಹವಳ ತನ್ನ ಶೈವಲಗಳನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ, ಮತ್ತೆ 2024ರಲ್ಲಿ ಆದದ್ದು ಇದೇ. ಅರಬ್ಬೀ ಸಮುದ್ರದಲ್ಲೇ ತಾಳಲಾರದ ಈ ಪ್ರಾಣಿಯನ್ನು 10 ವ್ಯಾಟಿನ ಪಂಪಿಗೆ ಬಿಸಿಯೇರುವ 30 ಲೀಟರಿಗೆ ತಂದರೆ ಏನಾದೀತು?

ಕಾನೂನೂ ಬಿಡುವುದಿಲ್ಲ. 1972ರ ವನ್ಯಜೀವಿ (ಸಂರಕ್ಷಣೆ) ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಕಲ್ಲು ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಸೀ ಫ್ಯಾನ್ ಮತ್ತು ಕಡಲ್ಗುದುರೆಗಳು ಸೇರಿದವು. ಹುಲಿ, ಆನೆಗಳಿರುವ ಅನುಸೂಚಿ ಅದು. ಸತ್ತ ಹವಳದ ಮಾರಾಟವೂ ನಿಷಿದ್ಧ. ಅಂಗಡಿಯಲ್ಲಿ ಅಲಂಕಾರಕ್ಕೆಂದೋ ಫಿಲ್ಟರಿಗೆಂದೋ ಹವಳದ ಚೂರು ಕೊಟ್ಟರೆ ಬೇಡವೆನ್ನಿ. ಸುಣ್ಣದಕಲ್ಲು, ಕಪ್ಪೆಚಿಪ್ಪು, ಸೆರಾಮಿಕ್ ಉಂಗುರಗಳಿಂದ ಆ ಕೆಲಸ ನಡೆಯುತ್ತದೆ. ಕಲ್ಲಿನ ಗೂಡಿಲ್ಲದ ಅಣಬೆ ಹವಳದಂಥವು ಆ ಪಟ್ಟಿಯಲ್ಲಿಲ್ಲ. ಮಂದ ಬೆಳಕು ಸಾಕು, ಕತ್ತರಿಸಿದ ತುಂಡಿನಿಂದಲೂ ಬೆಳೆಯುತ್ತವೆ. ಇನ್ನೊಬ್ಬರ ತೊಟ್ಟಿಯಲ್ಲಿ ಬೆಳೆದ ತುಂಡು ಸಿಕ್ಕಿದರೆ, ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಂಡು ಪ್ರಯತ್ನಿಸಬಹುದು. ಝೋವಾಂಥಿಡ್ ಎಂಬವು ಮಾತ್ರ ಶಾಲೆಗೆ ಬೇಡವೇ ಬೇಡ. ಅವುಗಳಲ್ಲಿ ಕೆಲವದರಲ್ಲಿ ಪ್ಯಾಲಿಟಾಕ್ಸಿನ್ ಎಂಬ ಅತ್ಯುಗ್ರ ವಿಷವಿದೆ. ಅವು ಅಂಟಿದ ಕಲ್ಲನ್ನು ಕುದಿಸಿದವರು ಆಸ್ಪತ್ರೆ ಸೇರಿದ್ದಾರೆ. ಜೀವಂತ ಕಲ್ಲು ಹವಳವನ್ನು ಕರ್ನಾಟಕದಲ್ಲೇ ನೋಡಬೇಕೆಂದರೆ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ನೀರಿಗಿಳಿಯಬೇಕು.

ಕೊನೆಗೆ ಒಂದು ವ್ಯವಹಾರದ ಮಾತು. ನಮ್ಮ ಶಾಲೆಗಳ ರಜೆ ಏಪ್ರಿಲ್, ಮೇ ತಿಂಗಳಲ್ಲಿ. ಸೆಕೆ ಹೆಚ್ಚು, ಆವಿಯಾಗುವುದು ಹೆಚ್ಚು, ವಿದ್ಯುತ್ ಕೈಕೊಡುವುದೂ ಹೆಚ್ಚು. ತೊಟ್ಟಿಯ ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಒಂದು ಗೆರೆ ಎಳೆಯಿರಿ. ರಜೆಯಲ್ಲಿ ದಿನವೂ ಬಂದು ಆ ಗೆರೆಯವರೆಗೆ ಸಿಹಿನೀರು ತುಂಬುವವರು ಯಾರು ಎಂದು ಹೆಸರು ಬರೆದಿಡಿ. ಹೆಸರು ಸಿಗದಿದ್ದರೆ ಮೀನು ತರುವುದನ್ನು ಜೂನ್‌ವರೆಗೆ ಮುಂದೂಡಿ. ಖಾಲಿ ತೊಟ್ಟಿಯ ನೈಟ್ರೈಟ್ ನಕ್ಷೆಯನ್ನು ಅಷ್ಟರಲ್ಲಿ ಇನ್ನೊಂದು ಸಲ ಬರೆಯಿಸಬಹುದು.