ಕೂಸಿನ ಉಸಿರು ಎಣಿಸುವ ಒಂದು ನಿಮಿಷ

ಮಾರ್ಗಶಿರದ ಚಳಿ. ಐ.ಡಿ.ಹಳ್ಳಿ ಹೋಬಳಿಯ ಯಾವುದಾದರೂ ಒಂದು ಹಳ್ಳಿ, ರಾತ್ರಿ ಎರಡು ಗಂಟೆ ಎಂದಿಟ್ಟುಕೊಳ್ಳಿ. ಐದು ತಿಂಗಳ ಕೂಸಿಗೆ ಮೂರು ದಿನದಿಂದ ನೆಗಡಿ. ಸಂಜೆಯಿಂದ ಮೊಲೆ ಹಿಡಿದರೂ ಎರಡು ಗುಟುಕಿಗೇ ಬಿಟ್ಟುಬಿಡುತ್ತಿದೆ. ಎದೆಯಲ್ಲಿ ಗೊರಗೊರ ಸದ್ದು. 'ಕಫ ಕಟ್ಟಿದೆ, ಮೂಗಿಗೆ ನಾಲ್ಕು ಹನಿ ಎಣ್ಣೆ ಬಿಡು, ಹೊತ್ತು ಹುಟ್ಟಲಿ ನೋಡೋಣ' ಎನ್ನುತ್ತಾರೆ ಹಿರಿಯರು. ಮಧುಗಿರಿಗೆ ಈಗಲೇ ಹೊರಡಬೇಕೋ, ಬೆಳಗಿನ ಬಸ್ಸಿಗೆ ಕಾಯಬೇಕೋ? ತಾಯಿ ಒಮ್ಮೆ ಕೂಸನ್ನು, ಒಮ್ಮೆ ಬಾಗಿಲನ್ನು ನೋಡುತ್ತ ಕುಳಿತಿದ್ದಾಳೆ.

ಇಂಥ ರಾತ್ರಿ ಯಾವ ಊರಿಗೂ ಹೊಸದಲ್ಲ. ಆ ತಾಯಿಯ ಪ್ರಶ್ನೆಗೆ ಉತ್ತರ ಆಕೆಯ ಮಡಿಲಲ್ಲೇ ಇದೆ. ಕೂಸು ಅಳದೆ, ಹಾಲು ಕುಡಿಯದೆ ಸುಮ್ಮನಿರುವಾಗ ಅದರ ಅಂಗಿ ಮೇಲೆತ್ತಿ, ಗಡಿಯಾರ ನೋಡುತ್ತ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎಳೆಯ ಮಕ್ಕಳ ಉಸಿರು ಒಂದೇ ಸಮನಾಗಿ ಇರುವುದಿಲ್ಲ. ಆದ್ದರಿಂದ ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ.

ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಉಸಿರು ಬಂದರೆ ಅದು ಬರೀ ನೆಗಡಿಯಲ್ಲ. ಇದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಉಸಿರು ಎಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುವುದು, ಹಾಲು ಕುಡಿಯಲಾಗದಿರುವುದು, ತುಟಿ ನೀಲಿಗಟ್ಟುವುದು, ಎಬ್ಬಿಸಿದರೂ ಏಳದ ಮಂಪರು, ನಡುನಡುವೆ ಉಸಿರು ನಿಲ್ಲುವುದು - ಇವುಗಳಲ್ಲಿ ಒಂದು ಕಂಡರೂ ಹೊತ್ತು ಹುಟ್ಟುವವರೆಗೆ ಕಾಯುವಂತಿಲ್ಲ. ಬಸ್ಸಿಲ್ಲದ ಹೊತ್ತಿಗೆಂದೇ 2008ರ ನವೆಂಬರ್‌ನಿಂದ ರಾಜ್ಯದಲ್ಲಿ 108 ಆಂಬುಲೆನ್ಸ್ ಇದೆ.

ಕಿರಿದಾದ ಕೊಳವೆ

ದೊಡ್ಡವರಿಗೆ ಬಂದರೆ ಎರಡು ದಿನ ಸೀನಿ ಮರೆಯುವ ನೆಗಡಿ ಕೂಸನ್ನು ಏಕೆ ಇಷ್ಟು ಕಾಡಬೇಕು? ಕಾರಣ ಕೊಳವೆಯ ಅಳತೆಯಲ್ಲಿದೆ. 1840ರ ಸುಮಾರಿಗೆ ಫ್ರಾನ್ಸಿನ ವೈದ್ಯ ಪ್ವಾಸೆಯ್ ಸಣ್ಣ ಕೊಳವೆಗಳಲ್ಲಿ ದ್ರವ ಹರಿಯುವ ನಿಯಮವೊಂದನ್ನು ಕಂಡುಹಿಡಿದ. ಕೊಳವೆಯ ತ್ರಿಜ್ಯ ಅರ್ಧಕ್ಕಿಳಿದರೆ ಹರಿವಿಗೆ ಅಡ್ಡಿ ಎರಡು ಪಟ್ಟಲ್ಲ, ಹದಿನಾರು ಪಟ್ಟು ಹೆಚ್ಚುತ್ತದೆ. ಮೊದಲೇ ಕಿರಿದಾದ ಕೂಸಿನ ಶ್ವಾಸನಾಳದ ಕವಲುಗಳು ಸೋಂಕಿನಿಂದ ಊದಿಕೊಂಡು, ಒಳಗೆ ಲೋಳೆ ತುಂಬಿದರೆ ಗಾಳಿಗೂ ಇದೇ ಪಾಡು. ಒಂದೊಂದು ಉಸಿರೂ ಬಂಡಿ ಎಳೆದಷ್ಟು ಕಷ್ಟ. ಸಾಲದ ಗಾಳಿಯನ್ನು ಸರಿತೂಗಿಸಲು ಕೂಸು ಬೇಗ ಬೇಗ ಉಸಿರಾಡುತ್ತದೆ. ಆ ಎಣಿಕೆಯೇ ಮೊದಲ ಸೂಚನೆ.

ಎಳೆಯ ಮಕ್ಕಳಲ್ಲಿ ಈ ತೊಂದರೆ ತರುವುದರಲ್ಲಿ ಆರ್‌ಎಸ್‌ವಿ ಎಂಬ ವೈರಸ್ ಮುಂದು. 1956ರಲ್ಲಿ ಅಮೆರಿಕದಲ್ಲಿ ನೆಗಡಿಯಾಗಿದ್ದ ಚಿಂಪಾಂಜಿಗಳಲ್ಲಿ ಮೊದಲು ಕಂಡದ್ದು, ಮರುವರ್ಷವೇ ಶಿಶುಗಳಲ್ಲೂ ಸಿಕ್ಕಿತು. ಎರಡು ವರ್ಷ ತುಂಬುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಇದು ಒಮ್ಮೆ ತಗುಲಿರುತ್ತದೆ. ಬಹುಪಾಲು ಮಕ್ಕಳು ಮನೆಯಲ್ಲೇ ಚೇತರಿಸಿಕೊಳ್ಳುತ್ತವೆ. ಕೆಲವಕ್ಕೆ ಮಾತ್ರ ಆಸ್ಪತ್ರೆ ಬೇಕಾಗುತ್ತದೆ. ಆ ಕೆಲವನ್ನು ಬೇರ್ಪಡಿಸುವ ಜರಡಿಯೇ ಒಂದು ನಿಮಿಷದ ಎಣಿಕೆ.

ಎಣಿಕೆಗೆ ಓದು ಬೇಕಿಲ್ಲ ಎಂಬುದನ್ನು ತೋರಿಸಿದ್ದು ಮಹಾರಾಷ್ಟ್ರದ ಕಾಡುಜಿಲ್ಲೆ ಗಡಚಿರೋಲಿ. ಅಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ದಂಪತಿ ಹೆಚ್ಚು ಎಣಿಸಲು ಬಾರದ ಸೂಲಗಿತ್ತಿಯರ ಕೈಗೆ ಮಣಿಗಳ ಚೌಕಟ್ಟು ಮತ್ತು ಒಂದು ನಿಮಿಷದ ಮರಳು ಗಡಿಯಾರ ಕೊಟ್ಟರು. ಹತ್ತು ಉಸಿರಿಗೆ ಒಂದು ಮಣಿ. ಮರಳು ಇಳಿಯುವ ಮೊದಲೇ ಕೆಂಪು ಮಣಿ ಬಂದರೆ ನ್ಯುಮೋನಿಯಾ. ಹಳ್ಳಿಯ ಕಾರ್ಯಕರ್ತರೇ ರೋಗ ಗುರುತಿಸಿ ಔಷಧಿ ಕೊಟ್ಟ ಊರುಗಳಲ್ಲಿ ನ್ಯುಮೋನಿಯಾದಿಂದ ಸಾಯುವ ಮಕ್ಕಳ ಪ್ರಮಾಣ ಉಳಿದ ಊರುಗಳದ್ದಕ್ಕಿಂತ ಅರ್ಧಕ್ಕೂ ಕಡಿಮೆಯಾಗಿತ್ತು. ಇದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ 1990ರಲ್ಲಿ ಪ್ರಕಟವಾಯಿತು.

ಆಮ್ಲಜನಕ ಅಂದರೆ ಗಂಗಾಜಲವಲ್ಲ

ಆಸ್ಪತ್ರೆ ಮುಟ್ಟಿದ ಮೇಲೆ ಹೆತ್ತವರಿಗೆ ಎರಡನೆಯ ಪರೀಕ್ಷೆ. ಕೂಸಿನ ಮೂಗಿಗೆ ಆಮ್ಲಜನಕದ ನಳಿಕೆ ಇಟ್ಟೊಡನೆ ಎಷ್ಟೋ ಮನೆಯವರ ಜೀವ ಬಾಯಿಗೆ ಬರುತ್ತದೆ. 'ಆಕ್ಸಿಜನ್ ಹಾಕಿದರೆಂದರೆ ಆಸೆ ಬಿಟ್ಟಂತೆ' ಎಂಬ ಮಾತು ಹಳ್ಳಿಗಳಲ್ಲಿ ಇಂದಿಗೂ ಇದೆ. ಈ ಭಯದಿಂದಲೇ ಕೂಸನ್ನು ಅರ್ಧ ಚಿಕಿತ್ಸೆಯಲ್ಲಿ ಎತ್ತಿಕೊಂಡು ಹೊರಡುವವರೂ ಉಂಟು. ಆಮ್ಲಜನಕ ಕೊನೆಗಾಲದಲ್ಲಿ ಬಾಯಿಗೆ ಬಿಡುವ ಗಂಗಾಜಲವಲ್ಲ. ದಣಿದ ಎತ್ತಿಗೆ ಇನ್ನೊಂದು ಜೊತೆ ಎತ್ತು ಕಟ್ಟಿದ ಹಾಗೆ, ಸೋಂಕು ಇಳಿಯುವವರೆಗಿನ ಆಸರೆ.

ಬೆರಳಿಗೋ ಪಾದಕ್ಕೋ ಕೆಂಪು ಬೆಳಕಿನ ಚಿಮಟ ಹಾಕಿರುತ್ತಾರೆ. ಜಪಾನಿನ ಎಂಜಿನಿಯರ್ ಟಕುವೊ ಅಯೊಯಾಗಿ 1974ರಲ್ಲಿ ರೂಪಿಸಿದ ತತ್ತ್ವ ಅದರಲ್ಲಿದೆ. ಆಮ್ಲಜನಕ ಹೊತ್ತ ರಕ್ತ ಮತ್ತು ಹೊರದ ರಕ್ತ ಬೆಳಕನ್ನು ಬೇರೆ ಬೇರೆಯಾಗಿ ಹೀರುವುದರಿಂದ ಸೂಜಿ ಚುಚ್ಚದೆ ಪ್ರಮಾಣ ತಿಳಿಯುತ್ತದೆ. 90ಕ್ಕಿಂತ ಕೆಳಗಿಳಿದರೆ ಆಮ್ಲಜನಕ ಬೇಕೇ ಬೇಕು. ಕೂಸು ಕಾಲು ಝಾಡಿಸಿದಾಗ ಯಂತ್ರ ಕೂಗುವುದುಂಟು. ಅಂಥ ಪ್ರತಿ ಕೂಗೂ ಅಪಾಯದ್ದಲ್ಲ. ಆಗ ಗಾಬರಿಯಾಗದೆ ನರ್ಸ್‌ಗೆ ತೋರಿಸಿದರೆ ಸಾಕು.

ಹಾಲುಣಿಸಬೇಡಿ ಎಂದು ಮೂಗಿನ ಮೂಲಕ ಹೊಟ್ಟೆಗೆ ಸಣ್ಣ ಕೊಳವೆ ಇಳಿಸಿದಾಗ ತಾಯಂದಿರು ಹೆಚ್ಚು ಅಳುತ್ತಾರೆ. ಏದುಸಿರು ಬಿಡುವ ಕೂಸು ಹಾಲು ನುಂಗಲು ಹೋದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು, ಅದಕ್ಕೆ ಈ ಏರ್ಪಾಟು. ಆಗಲೂ ತಾಯಿಯ ಹಾಲೇ ಔಷಧ. ಹಿಂಡಿ ಕೊಟ್ಟರೆ ಅದನ್ನೇ ಕೊಳವೆಯಲ್ಲಿ ಇಳಿಸುತ್ತಾರೆ. ವೈರಸ್‌ನ ಸೋಂಕಿಗೆ ಆಂಟಿಬಯಾಟಿಕ್ ಕೆಲಸ ಮಾಡದು. ಬ್ಯಾಕ್ಟೀರಿಯಾದ ನ್ಯುಮೋನಿಯಾಕ್ಕೆ ಅದು ಬೇಕು. ಆದ್ದರಿಂದ 'ಪಕ್ಕದ ಮಂಚದ ಮಗುವಿಗೆ ಸೂಜಿ ಕೊಟ್ಟರು, ನಮಗೇಕಿಲ್ಲ' ಎಂಬ ಕೊರಗು ಬೇಡ.

ಉಸಿರಿನ ಆಸರೆಗೆ ದುಬಾರಿ ಯಂತ್ರವೇ ಆಗಬೇಕೆಂದಿಲ್ಲ. 1996ರಲ್ಲಿ ಬಾಂಗ್ಲಾದೇಶದ ಸಿಲ್ಹೆಟ್‌ನಲ್ಲಿ ಡಾ. ಮೊಹಮ್ಮದ್ ಜೋಬಾಯರ್ ಚಿಸ್ತಿ ಎಂಬ ತರುಣ ವೈದ್ಯರ ಕಣ್ಣೆದುರೇ ಒಂದೇ ರಾತ್ರಿ ಮೂರು ಕೂಸುಗಳು ನ್ಯುಮೋನಿಯಾದಿಂದ ತೀರಿಕೊಂಡವು. ಆ ನೋವನ್ನು ಮರೆಯದ ಅವರು ಮುಂದೆ ಢಾಕಾದಲ್ಲಿ ನೀರು ತುಂಬಿದ ಶಾಂಪೂ ಬಾಟಲಿಯಿಂದಲೇ ಸಾಧನ ಮಾಡಿದರು. ಕೂಸು ಬಿಟ್ಟ ಉಸಿರು ನೀರೊಳಗೆ ಗುಳ್ಳೆಯಾಗಿ ಏಳುತ್ತದೆ. ಆ ನೀರಿನ ಒತ್ತಡ ಶ್ವಾಸಕೋಶದ ಗಾಳಿಚೀಲಗಳು ಮುಚ್ಚಿಕೊಳ್ಳದಂತೆ ತಡೆಯುತ್ತದೆ. 2015ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಸಾಮಾನ್ಯ ರೀತಿಯಲ್ಲಿ ಆಮ್ಲಜನಕ ಪಡೆದವರಲ್ಲಿ ನೂರಕ್ಕೆ 15 ಮಕ್ಕಳು ತೀರಿಕೊಂಡರೆ, ಗುಳ್ಳೆಯ ಸಾಧನ ಪಡೆದವರಲ್ಲಿ ಆ ಪ್ರಮಾಣ 4.

ಮನೆಗೆ ಮರಳಿದ ಮೇಲೆ

ಈ ಕಾಯಿಲೆ ಸಾಮಾನ್ಯವಾಗಿ ಮೂರರಿಂದ ಐದನೆಯ ದಿನದಲ್ಲಿ ಉಲ್ಬಣಿಸಿ ಆಮೇಲೆ ಇಳಿಮುಖವಾಗುತ್ತದೆ. ಕೂಸು ತಾನಾಗಿ ಹಾಲು ಕುಡಿಯತೊಡಗಿ, ನಳಿಕೆಯಿಲ್ಲದೆಯೂ ಆಮ್ಲಜನಕದ ಪ್ರಮಾಣ ನಿಂತರೆ ಮನೆಗೆ ಬಿಡುತ್ತಾರೆ. ಕೆಮ್ಮು ಮಾತ್ರ ಎರಡು ಮೂರು ವಾರ ಉಳಿಯಬಹುದು. ಅದಕ್ಕೆ ಹೆದರಿ ಮೂಗಿಗೆ ಎಣ್ಣೆ ಬಿಡಬಾರದು. ಅದು ಶ್ವಾಸಕೋಶಕ್ಕಿಳಿದು ಬೇರೊಂದು ನ್ಯುಮೋನಿಯಾ ತರುತ್ತದೆ. ಹೊಟ್ಟೆಗೆ ಬರೆ ಹಾಕಿದರೆ ಗಾಯವೂ ನಂಜೂ ಸೇರಿಕೊಳ್ಳುತ್ತವೆಯೇ ಹೊರತು ಒಂದು ಉಸಿರೂ ಹಗುರಾಗದು. ಒಲೆಯ ಹೊಗೆ, ಬೀಡಿಯ ಹೊಗೆ ಕೂಸಿನಿಂದ ದೂರವಿರಲಿ. ನೆಗಡಿಯಾದವರು ಕೈ ತೊಳೆಯದೆ ಎತ್ತಿಕೊಳ್ಳದಿರಲಿ. ನ್ಯುಮೋಕಾಕಸ್ ಲಸಿಕೆ 2021ರಲ್ಲಿ ದೇಶದಾದ್ಯಂತ ಸರ್ಕಾರಿ ಕಾರ್ಯಕ್ರಮಕ್ಕೆ ಸೇರಿದೆ. ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳಿಗೆ ಅದನ್ನು ಉಚಿತವಾಗಿ ಹಾಕುತ್ತಾರೆ.

ಮತ್ತೆ ಆ ರಾತ್ರಿಯ ತಾಯಿ. ಆಕೆಯ ಬಳಿ ಸ್ಟೆತೊಸ್ಕೋಪ್ ಇಲ್ಲ, ಎಕ್ಸ್‌ರೇ ಇಲ್ಲ. ಗೋಡೆಯ ಮೇಲೊಂದು ಗಡಿಯಾರ, ಕೈಯಲ್ಲೊಂದು ಮೊಬೈಲ್ ಇದೆ. ಅಂಗಿ ಎತ್ತಿ ಎಣಿಸುತ್ತಾಳೆ. ಐವತ್ತಾರು, ಐವತ್ತೇಳು, ಐವತ್ತೆಂಟು. ಮುಳ್ಳು ಹನ್ನೆರಡಕ್ಕೆ ಬಂತು. ಇನ್ನು ಹಿರಿಯರನ್ನು ಕೇಳಬೇಕಾದ್ದೇನೂ ಇಲ್ಲ. ಕೂಸಿಗೆ ಬೆಚ್ಚಗೆ ಹೊದಿಸಿ 108 ಒತ್ತುತ್ತಾಳೆ.