ಗಾಡಿ ಬಂದರೆ ಕೀಮನ್ ಎಲ್ಲಿ ನಿಲ್ಲಬೇಕು?

ಮಾಡೆಲ್ ರೈಲ್ವೆ ನನ್ನ ಹವ್ಯಾಸ ಅಂದ ಕೂಡಲೇ ಸ್ನೇಹಿತರು ಕೇಳುವ ಮೊದಲ ಪ್ರಶ್ನೆ, “ಈ ವಯಸ್ಸಲ್ಲಿ ಆಟದ ರೈಲಾ?” ಎರಡನೆಯದು, “ಎಷ್ಟು ಖರ್ಚಾಯ್ತು?” ಮನೆಗೆ ಬಂದು ನೋಡಿದವರು ಮಾತ್ರ ಸೀದಾ ಕೋಣೆಯ ಮೂಲೆಗೆ ಹೋಗಿ, ಬಗ್ಗಿ, “ಇದನ್ನ ಕಡ್ಡಿ ಕಡ್ಡಿ ಜೋಡಿಸಿ ಮಾಡಿದ್ದಾ?” ಅಂತ ಕೇಳ್ತಾರೆ.

ಹೌದು. ಸುಮಾರು 800 ಮರದ ತುಂಡುಗಳು, ಏಳು ತಿಂಗಳ ಶನಿವಾರ-ಭಾನುವಾರಗಳು. ಅದೊಂದು ಟ್ರೆಸಲ್ ಸೇತುವೆ.

ನಮ್ಮದು ಬೆಂಗಳೂರಿನ ಎರಡು ಬೆಡ್‌ರೂಮ್ ಫ್ಲ್ಯಾಟ್. ಚಿಕ್ಕ ಕೋಣೆಯ ಎರಡು ಗೋಡೆಗಳ ಉದ್ದಕ್ಕೂ ಶೆಲ್ಫ್ ಹಾಕಿ, ಅದರ ಮೇಲೆ ಹಳಿ ಓಡಿಸಿದ್ದೇನೆ. ಗೋಡೆಗಳು ಸೇರುವ ಮೂಲೆಯಲ್ಲಿ ಥರ್ಮಾಕೋಲ್ ಮತ್ತು ಪ್ಲಾಸ್ಟರ್‌ನಿಂದ ಒಂದು ಕಣಿವೆ ಮಾಡಿದ್ದೇನೆ. ಆ ಕಣಿವೆ ದಾಟಲು ಈ ಸೇತುವೆ. ಅಳತೆ ಎಚ್‌ಒ ಸ್ಕೇಲ್, ಅಂದರೆ ನಿಜವಾದದ್ದರ 87ನೇ ಒಂದು ಭಾಗ. ಹಳಿಗಳ ನಡುವಿನ ಅಂತರ 16.5 ಮಿ.ಮೀ. ಆರಡಿ ಎತ್ತರದ ಮನುಷ್ಯ ಇಲ್ಲಿ ಎರಡು ಸೆಂಟಿಮೀಟರ್ ಚಿಲ್ಲರೆ.

ಮರ ಇತ್ತು, ದುಡ್ಡು ಇರಲಿಲ್ಲ

ಟ್ರೆಸಲ್ ಸೇತುವೆಯಲ್ಲಿ ದೊಡ್ಡ ಕಮಾನು ಇಲ್ಲ, ದಪ್ಪ ಕಲ್ಲಿನ ಕಂಬಗಳೂ ಇಲ್ಲ. ಐದಾರು ಕಂಬ ಸೇರಿಸಿ ಕಟ್ಟಿದ ಒಂದು ಚೌಕಟ್ಟು, ಅದಕ್ಕೆ ಬೆಂಟ್ ಅಂತ ಹೆಸರು. ಹದಿನೈದು ಅಡಿಗೊಂದರಂತೆ ಬೆಂಟ್‌ಗಳನ್ನು ನಿಲ್ಲಿಸುತ್ತಾ ಹೋದರೆ, ಅವುಗಳ ತಲೆಯ ಮೇಲೆ ತೊಲೆ, ತೊಲೆಯ ಮೇಲೆ ಸ್ಲೀಪರ್, ಸ್ಲೀಪರ್ ಮೇಲೆ ಹಳಿ. ಅಷ್ಟೇ.

ಹತ್ತೊಂಬತ್ತನೇ ಶತಮಾನದ ಉತ್ತರ ಅಮೆರಿಕದಲ್ಲಿ ಇದು ಎಲ್ಲೆಲ್ಲೂ ಇತ್ತು. ಕಾಡು ಧಾರಾಳ, ಕಬ್ಬಿಣ ದುಬಾರಿ, ಹಳಿ ಹಾಕಿ ಗಾಡಿ ಓಡಿಸಿ ದುಡ್ಡು ಮಾಡುವ ಅವಸರ. ಬೇಗ ಕಟ್ಟಬಹುದಾದದ್ದು ಮರದ ಸೇತುವೆ. ಎಷ್ಟೋ ಕಡೆ ಗಾಡಿ ಓಡಲು ಶುರುವಾದ ಮೇಲೆ ಅದೇ ಸೇತುವೆಯ ಮೇಲಿಂದ ಮಣ್ಣು ಸುರಿದು ಕಣಿವೆಯನ್ನೇ ತುಂಬಿಸಿಬಿಟ್ಟರು. ಸೇತುವೆ ಏರಿಯ ಹೊಟ್ಟೆಯೊಳಗೆ ಸೇರಿಹೋಯಿತು.

ಉಳಿದವೂ ಇವೆ. ಕೆನಡಾದ ವ್ಯಾಂಕೂವರ್ ದ್ವೀಪದ ಕಿನ್ಸೋಲ್ ಟ್ರೆಸಲ್ 1920ರಲ್ಲಿ ಮುಗಿದದ್ದು. 44 ಮೀಟರ್ ಎತ್ತರ, 187 ಮೀಟರ್ ಉದ್ದ. 1979ರಲ್ಲಿ ಅಲ್ಲಿ ಕೊನೆಯ ಗಾಡಿ ಓಡಿತು. ದುರಸ್ತಿಯಾಗಿ 2011ರಿಂದ ಜನ ಅದರ ಮೇಲೆ ನಡೆದಾಡುತ್ತಿದ್ದಾರೆ. ನನಗೆ ಹುಚ್ಚು ಹಿಡಿಸಿದ್ದು ಮಾತ್ರ ದಕ್ಷಿಣ ಕ್ಯಾಲಿಫೋರ್ನಿಯಾದ ಗೋಟ್ ಕ್ಯಾನ್ಯನ್ ಸೇತುವೆ. 1932ರಲ್ಲಿ ಒಂದು ಸುರಂಗ ಕುಸಿದಾಗ ದಾರಿ ಬದಲಿಸಿ 1933ರಲ್ಲಿ ರೆಡ್‌ವುಡ್ ಮರದಲ್ಲಿ ಕಟ್ಟಿದ್ದು. 186 ಅಡಿ ಎತ್ತರ. ಬೋಳು ಬಂಡೆಗಳ ನಡುವೆ ಬಿಲ್ಲಿನಂತೆ ಬಾಗಿ ನಿಂತಿದೆ. ಅದನ್ನೇ ಅಳತೆಗೆ ಸರಿಯಾಗಿ ಮಾಡಬೇಕೆಂದರೆ ಅರ್ಧ ಮೀಟರಿಗಿಂತ ಹೆಚ್ಚು ಎತ್ತರ ಬೇಕು. ನನ್ನ ಮೂಲೆಯಲ್ಲಿ ಸಿಕ್ಕಿದ್ದು 28 ಸೆಂ.ಮೀ. ಹಾಗಾಗಿ ನನ್ನದು ಅದರ ದೂರದ ತಮ್ಮ: 79 ಸೆಂ.ಮೀ. ಉದ್ದ, 14 ಬೆಂಟ್. ನಿಜದ ಲೆಕ್ಕದಲ್ಲಿ ಸುಮಾರು 68 ಮೀಟರ್.

ಒಂದೇ ಅಚ್ಚು, ಹದಿನಾಲ್ಕು ಬೆಂಟ್

ಎಲ್ಲಾ ಬೆಂಟ್‌ಗಳ ಎತ್ತರ ಬೇರೆ ಬೇರೆ, ಆದರೆ ಆಕಾರ ಒಂದೇ. ನಡುವಿನ ಕಂಬ ನೆಟ್ಟಗೆ. ಅದರ ಅಕ್ಕಪಕ್ಕದವು ಸ್ವಲ್ಪ ಓರೆ, ಹೊರಗಿನವು ಇನ್ನೂ ಓರೆ. ಕಾಲು ಅಗಲಿಸಿ ನಿಂತ ಮನುಷ್ಯನನ್ನು ತಳ್ಳಿ ಬೀಳಿಸುವುದು ಕಷ್ಟ ಅಲ್ವಾ, ಅದೇ ತತ್ವ. ಆ ಓರೆ ಮೇಲಿಂದ ಕೆಳಗಿನವರೆಗೆ ಬದಲಾಗುವುದಿಲ್ಲ. ಆದ್ದರಿಂದ ಅತಿ ಎತ್ತರದ ಬೆಂಟ್‌ನ ನಕ್ಷೆ ಒಂದಿದ್ದರೆ ಸಾಕು, ಉಳಿದವೆಲ್ಲ ಅದರ ಮೇಲಿನ ತುಂಡುಗಳು. ನಮ್ಮ ಕೋಡಿಂಗ್ ಭಾಷೆಯಲ್ಲಿ ಹೇಳುವುದಾದರೆ ಒಂದೇ ಫಂಕ್ಷನ್, ಎತ್ತರ ಅದರ ಪ್ಯಾರಾಮೀಟರ್.

ಒಂದು ವಿಷಯ ನೆನಪಿಡಬೇಕು: ಅಳೆಯುವುದು ಯಾವಾಗಲೂ ಮೇಲಿನಿಂದ. ಹಳಿಯ ಮಟ್ಟ ಖಚಿತ, ನೆಲ ಏರಿಳಿತದ್ದು.

ನಕ್ಷೆಯನ್ನು ಪೂರ್ತಿ ಅಳತೆಗೆ ಪ್ರಿಂಟ್ ತೆಗೆದು ಎಂಡಿಎಫ್ ಹಲಗೆಗೆ ಅಂಟಿಸಿದೆ. ಮೇಲೆ ಬಟರ್ ಪೇಪರ್, ಇಲ್ಲದಿದ್ದರೆ ಬೆಂಟ್ ಹಲಗೆಗೇ ಅಂಟಿಕೊಳ್ಳುತ್ತದೆ. ಪ್ರತಿ ಕಂಬ ಕೂರುವ ಜಾಗದ ಎರಡೂ ಬದಿಗೆ ಚಿಕ್ಕ ಮರದ ತುಂಡು ಅಂಟಿಸಿದರೆ ಅಚ್ಚು ಸಿದ್ಧ. ಅದಕ್ಕೆ ಜಿಗ್ ಅಂತಾರೆ. ಕಂಬ ಇಡು, ಮೇಲಿನ ಅಡ್ಡತೊಲೆ ಇಡು, ಫೆವಿಕಾಲ್ ಹಚ್ಚು, ಮೇಲೆ ಭಾರ ಇಡು, ಒಂದು ಗಂಟೆ ಬಿಡು. ಜಿಗ್ ಮಾಡಲು ನನಗೆ ಎರಡು ವಾರಾಂತ್ಯ ಹಿಡಿಯಿತು. ಆಮೇಲೆ ಬೆಂಟ್‌ಗಳು ದೋಸೆ ಹುಯ್ದ ಹಾಗೆ ಒಂದರ ಹಿಂದೆ ಒಂದು ಎದ್ದವು.

ಮರ ಯಾವುದು? ನಿಜದಲ್ಲಿ ಕಂಬಗಳು 12 ಇಂಚು ಚೌಕ. 87ರಿಂದ ಭಾಗಿಸಿದರೆ 3.5 ಮಿ.ಮೀ. ಬಡಗಿಯ ಅಂಗಡಿಯಲ್ಲಿ ಉಳಿದ ಸ್ಟೀಮ್ ಬೀಚ್ ತುಂಡುಗಳನ್ನು ಸೀಳಿಸಿಕೊಂಡೆ. ಎಳೆ ಸಣ್ಣಗಿರುವ ಮರವೇ ಬೇಕು. ದೊಡ್ಡ ಎಳೆ ಕಂಡರೆ ಇದು ಕಡ್ಡಿ ಅಂತ ಕಣ್ಣಿಗೆ ಗೊತ್ತಾಗಿಬಿಡುತ್ತದೆ. ಓರೆಪಟ್ಟಿಗಳಿಗೆ ಕಾಫಿ ಕಲಕುವ ಮರದ ಕಡ್ಡಿ ಉದ್ದಕ್ಕೆ ಸೀಳಿ ಉಜ್ಜಿದೆ. ಪ್ಯಾಕೆಟ್ ಲೆಕ್ಕದಲ್ಲಿ ಕೊಂಡರೆ ಬಹಳ ಅಗ್ಗ. ಒಟ್ಟು ಸೇತುವೆಗೆ ಮೂರು ಸಾವಿರ ರೂಪಾಯಿ ದಾಟಿಲ್ಲ. ದುಬಾರಿ ಏನಿದ್ದರೂ ಎಂಜಿನ್ನು.

ತಿರುವಿನಲ್ಲೂ ತೊಲೆ ನೇರ

ಬಾಗಿದ ಸೇತುವೆಗೆ ಬಾಗಿದ ತೊಲೆ ಬೇಕು ಅನ್ನಿಸುತ್ತದೆ. ಬೇಡ. ಮರವನ್ನು ಬಗ್ಗಿಸುವ ಕಷ್ಟಕ್ಕೆ ಆ ಕಾಲದ ಬಡಗಿಗಳೂ ಹೋಗಲಿಲ್ಲ. ಬೆಂಟ್‌ನಿಂದ ಬೆಂಟ್‌ಗೆ ತೊಲೆ ನೇರವಾಗಿಯೇ ಹೋಗುತ್ತದೆ, ಪ್ರತಿ ಬೆಂಟ್‌ನಲ್ಲಿ ಸ್ವಲ್ಪ ಸ್ವಲ್ಪ ತಿರುಗುತ್ತದೆ. ನನ್ನ ತಿರುವಿನ ತ್ರಿಜ್ಯ 61 ಸೆಂ.ಮೀ., ಬೆಂಟ್‌ಗಳ ಅಂತರ 52.5 ಮಿ.ಮೀ. ಲೆಕ್ಕ ಹಾಕಿದರೆ ನೇರ ತೊಲೆಗೂ ಬಾಗಿದ ಹಳಿಗೂ ಹೆಚ್ಚೆಂದರೆ ಅರ್ಧ ಮಿಲಿಮೀಟರ್ ಚಿಲ್ಲರೆ ವ್ಯತ್ಯಾಸ. ಮೇಲಿರುವ ಸ್ಲೀಪರ್‌ಗಳು ಅದನ್ನು ನುಂಗಿಕೊಳ್ಳುತ್ತವೆ. ಬೆಂಟ್‌ಗಳು ಮಾತ್ರ ಚಕ್ರದ ಅರೆಗಳ ಹಾಗೆ ತಿರುವಿನ ಕೇಂದ್ರಕ್ಕೆ ಮುಖ ಮಾಡಿರಬೇಕು.

ಬಣ್ಣ ಮೊದಲು, ಅಂಟು ಆಮೇಲೆ

ಅಂಟು ತಾಗಿದ ಕಡೆ ಮರ ಬಣ್ಣ ಹೀರುವುದಿಲ್ಲ. ಹಾಗಾಗಿ ಕತ್ತರಿಸಿದ ತುಂಡುಗಳನ್ನೆಲ್ಲ ಮೊದಲೇ ಅದ್ದಿ ಒಣಗಿಸಬೇಕು. ಸ್ಟೇಷನರಿ ಅಂಗಡಿಯ ಕಪ್ಪು ಡ್ರಾಯಿಂಗ್ ಇಂಕ್ ಅರ್ಧ ಟೀ ಚಮಚ, 100 ಮಿ.ಲೀ. ಐಸೊಪ್ರೊಪೈಲ್ ಆಲ್ಕೋಹಾಲ್. ಕಿಟಕಿ ತೆರೆದಿರಲಿ, ಹತ್ತಿರ ದೀಪ, ಬೆಂಕಿ ಬೇಡ. ಒಮ್ಮೆ ಅದ್ದಿದರೆ ಬಿಸಿಲಿಗೆ ಬೂದಿಯಾದ ಹಳೇ ಮರದ ಬಣ್ಣ, ಮೂರು ಸಲ ಅದ್ದಿದರೆ ಈಗಷ್ಟೇ ಕ್ರಿಯೊಸೋಟ್ ಎಣ್ಣೆ ಕುಡಿದ ಹೊಸ ಮರದ ಬಣ್ಣ. ನಾನು ಎರಡನ್ನೂ ಬೆರೆಸಿದೆ. ಏಕೆಂದರೆ ಯಾವ ಹಳೇ ಸೇತುವೆಯಲ್ಲೂ ಎಲ್ಲಾ ಮರಕ್ಕೂ ಒಂದೇ ವಯಸ್ಸಿರುವುದಿಲ್ಲ. ಕೊಳೆತದ್ದನ್ನು ತೆಗೆದು ಹೊಸದು ಹಾಕಿರುತ್ತಾರೆ.

ಬೋಲ್ಟ್‌ಗಳಿಗೆ ವಿದೇಶದಲ್ಲಿ ಪುಟಾಣಿ ಪ್ಲಾಸ್ಟಿಕ್ ಅಚ್ಚುಗಳು ಸಿಗುತ್ತವೆ. ನಾನು ಗುಂಡುಸೂಜಿಯ ತುದಿಯಿಂದ ಗಟ್ಟಿ ಫೆವಿಕಾಲ್‌ನ ಒಂದೊಂದು ಚುಕ್ಕೆ ಇಟ್ಟು, ಒಣಗಿದ ಮೇಲೆ ತುಕ್ಕಿನ ಬಣ್ಣ ಮುಟ್ಟಿಸಿದೆ. ಕೆಳಗೆ ಒಂದು ಸಣ್ಣ ಕಂದು ಗೆರೆ ಎಳೆದರೆ ಮಳೆ ನೀರು ತುಕ್ಕು ಇಳಿಸಿಕೊಂಡು ಹೋದ ಗುರುತು. ಕಾಣುವ ಕಡೆ ಮಾತ್ರ ಮಾಡಿದರೆ ಸಾಕು.

ಬೇಕೇ ಇಲ್ಲದ ಓರೆಪಟ್ಟಿಗಳು

ಒಂದು ತಮಾಷೆ ಹೇಳ್ತೀನಿ. ನನ್ನ ಸೇತುವೆಗೆ ಅರ್ಧದಷ್ಟು ಮರ ಬೇಕಾಗಿಯೇ ಇಲ್ಲ.

ವಸ್ತುವನ್ನು 87 ಪಟ್ಟು ಚಿಕ್ಕದು ಮಾಡಿದರೆ ತೂಕ 87ರ ಘನದಷ್ಟು ಇಳಿಯುತ್ತದೆ. ಭಾರ ಹೊರುವ ಕಂಬದ ಅಡ್ಡಕೊಯ್ತದ ವಿಸ್ತೀರ್ಣ ಇಳಿಯುವುದು 87ರ ವರ್ಗದಷ್ಟು ಮಾತ್ರ. ಅಂದರೆ ಭಾರದ ಲೆಕ್ಕದಲ್ಲಿ ಮಾಡೆಲ್‌ನ ಕಂಬ ನಿಜದ್ದಕ್ಕಿಂತ 87 ಪಟ್ಟು ಆರಾಮವಾಗಿದೆ. ಕಾಲು ಕಿಲೋ ಚಿಲ್ಲರೆಯ ನನ್ನ ಎಂಜಿನ್‌ಗೆ ಬೆಂಟ್‌ಗೆ ಎರಡು ಕಂಬ ಇದ್ದರೂ ನಡೆಯುತ್ತದೆ. ಗಾಳಿ ಇಲ್ಲ, ಪ್ರವಾಹ ಇಲ್ಲ, ಕಂಪನ ಇಲ್ಲ.

ಹಾಗಾದರೆ ಓರೆಪಟ್ಟಿ, ಬೋಲ್ಟು, ಅಡ್ಡಕಟ್ಟು ಎಲ್ಲಾ ಯಾಕೆ? ಬರೀ ಅಲಂಕಾರಕ್ಕೆ ಅಂತ ಶುರು ಮಾಡಿದರೆ ಎಲ್ಲಿ ಬೇಕಾದರೂ ಏನು ಬೇಕಾದರೂ ಅಂಟಿಸಬಹುದು. ಆಗ ಸೇತುವೆ ಸುಳ್ಳು ಹೇಳುತ್ತದೆ. ನಾನು ಪ್ರತಿ ತುಂಡಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದೆ: ನಿಜವಾದ ಸೇತುವೆಯಲ್ಲಿ ನೀನು ಏನು ಮಾಡ್ತಿದ್ದೆ? ಬೆಂಟ್‌ನ ಮುಂದೊಂದು ಹಿಂದೊಂದು ಕತ್ತರಿಯಂತೆ ಹೋಗುವ ಓರೆಪಟ್ಟಿಗಳು ಅದು ಪಕ್ಕಕ್ಕೆ ವಾಲದಂತೆ ತಡೆಯುತ್ತವೆ. ಬೆಂಟ್‌ನಿಂದ ಬೆಂಟ್‌ಗೆ ಹೋಗುವ ಕಟ್ಟುಗಳು ಗಾಡಿ ಬ್ರೇಕ್ ಹಾಕಿದಾಗ ಎಲ್ಲವೂ ಸಾಲಾಗಿ ಮುಂದಕ್ಕೆ ಮಲಗದಂತೆ ಹಿಡಿಯುತ್ತವೆ. ಹಳಿಗಳ ಒಳಗೆ ಇನ್ನೊಂದು ಜೊತೆ ಹಳಿ ಇರುತ್ತದಲ್ಲ, ಅದು ಗಾರ್ಡ್ ರೈಲು. ಚಕ್ರ ಹಳಿ ತಪ್ಪಿದರೂ ಗಾಡಿ ಸೇತುವೆಯಿಂದ ಆಚೆ ಹೋಗದಿರಲಿ ಅಂತ.

ಈ ಪ್ರಶ್ನೆ ಮರಕ್ಕೆ, ಕಬ್ಬಿಣಕ್ಕೆ ಕೇಳುತ್ತಿದ್ದೆ. ಅದನ್ನು ಮನುಷ್ಯರ ಕಡೆ ತಿರುಗಿಸಿದ್ದು ಅಪ್ಪ.

ಅಪ್ಪ ಕೇಳಿದ್ದು

ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ಸೇರಿ ಕೀಮನ್ ಆಗಿ ನಿವೃತ್ತರಾದವರು. ಹೆಚ್ಚಿನ ವರ್ಷ ಇದ್ದದ್ದು ಸಕಲೇಶಪುರ-ಸುಬ್ರಹ್ಮಣ್ಯ ರೋಡ್ ನಡುವಿನ ಘಟ್ಟದ ಮಾರ್ಗದಲ್ಲಿ. 57 ಸುರಂಗಗಳ, ಹೆಜ್ಜೆಗೊಂದು ಸೇತುವೆಯ ದಾರಿ ಅದು. ಕೀಮನ್ ಅಂದರೆ ದಿನಾ ತನ್ನ ಪಾಲಿನ ಹಳಿ ಪೂರ್ತಿ ನಡೆದು, ಸಡಿಲವಾದದ್ದನ್ನು ಬಿಗಿ ಮಾಡುವವನು. ಮನೆಯಲ್ಲಿ ಮಾತ್ರ ಅವರು ಕೆಲಸದ ಮಾತು ಎತ್ತಿದ್ದೇ ಕಡಿಮೆ.

ದೀಪಾವಳಿಗೆ ಅಪ್ಪ-ಅಮ್ಮ ಬಂದಾಗ ಬೆಂಟ್‌ಗಳೆಲ್ಲ ನಿಂತಿದ್ದವು, ತೊಲೆಗಳೂ ಕೂತಿದ್ದವು. ಸ್ಲೀಪರ್ ಇನ್ನೂ ಕತ್ತರಿಸಿರಲಿಲ್ಲ. ಅಪ್ಪ ಕನ್ನಡಕ ಹಾಕಿಕೊಂಡು ಹತ್ತು ನಿಮಿಷ ಸುಮ್ಮನೆ ನೋಡಿದರು.

“ಎಲ್ಲಾ ಸರಿ ಮಾರಾಯ. ಗಾಡಿ ಬಂದ್ರೆ ಕೀಮನ್ ಎಲ್ಲಿ ನಿಲ್ಲೋದು?”

ನಮ್ಮ ಘಟ್ಟದ ಗರ್ಡರ್ ಸೇತುವೆಗಳಲ್ಲಿ ಅಲ್ಲಲ್ಲಿ ಪಕ್ಕಕ್ಕೆ ಚಾಚಿದ ಪುಟ್ಟ ಕಟಕಟೆ ಇರುತ್ತದೆ. ಅಪ್ಪನ ಬಾಯಲ್ಲಿ ಅದು ‘ರೆಫ್ಯೂಜ್’. ಸೇತುವೆಯ ಮೇಲಿರುವಾಗ ಗಾಡಿ ಬಂದರೆ ಓಡಿ ಅದರೊಳಗೆ ನಿಲ್ಲಬೇಕು.

“ಮಳೆಗಾಲದಲ್ಲಿ ಹೊಳೆ ಸದ್ದಿಗೆ ಗಾಡಿ ಸದ್ದು ಕೇಳಲ್ಲ. ತಿರುವಲ್ಲಿ ಲೈಟೂ ಕಾಣಲ್ಲ. ಎಷ್ಟನೇ ಸ್ಲೀಪರಿಗೆ ರೆಫ್ಯೂಜ್ ಇದೆ ಅಂತ ಕಾಲಿಗೆ ಗೊತ್ತಿರ್ಬೇಕು. ತಲೆಗೆ ಗೊತ್ತಿದ್ರೆ ಸಾಕಾಗಲ್ಲ.” ಎಷ್ಟೋ ಸಲ ಒದ್ದೆ ಕಂಬಿ ತಬ್ಬಿಕೊಂಡು, ಮೊಳ ದೂರದಲ್ಲಿ ಗೂಡ್ಸ್ ಗಾಡಿ ಪೂರ್ತಿ ದಾಟುವವರೆಗೆ ಕಣ್ಣು ಮುಚ್ಚಿ ನಿಂತಿದ್ದರಂತೆ.

ಬಾಗಿಲ ಬಳಿ ನಿಂತಿದ್ದ ಅಮ್ಮ ಹೇಳಿದರು: “ಇದನ್ನ ನನಗೆ ಒಂದಿನಾನೂ ಹೇಳಿಲ್ಲ ನೀವು.”

“ಹೇಳಿದ್ರೆ ರಾತ್ರಿ ನಿದ್ದೆ ಮಾಡ್ತಿದ್ಯಾ?” ಅಂದರು ಅಪ್ಪ, ಸೇತುವೆಯಿಂದ ಕಣ್ಣು ತೆಗೆಯದೆ.

ಅಮೆರಿಕದ ಟ್ರೆಸಲ್‌ಗಳಲ್ಲೂ ಇದೇ ವ್ಯವಸ್ಥೆ ಇತ್ತು. ಎರಡು ಮೂರು ಸ್ಲೀಪರ್‌ಗಳನ್ನು ಉಳಿದವಕ್ಕಿಂತ ಉದ್ದ ಬಿಟ್ಟು, ಅವುಗಳ ಮೇಲೆ ಹಲಗೆ ಹಾಸಿ, ಸುತ್ತ ಕಟಕಟೆ. ಅದರ ಮೇಲೆ ನೀರು ತುಂಬಿದ ಪೀಪಾಯಿಯನ್ನೂ ಇಡುತ್ತಿದ್ದರು. ಉಗಿ ಎಂಜಿನ್‌ನಿಂದ ಉದುರುವ ಕೆಂಡ ಮರದ ಸೇತುವೆಗೆ ದೊಡ್ಡ ಶತ್ರು. ಗಾಡಿ ಹೋದ ಮೇಲೆ ಹೊಗೆ ಕಂಡರೆ ನಡೆದು ಬಂದವನೇ ನೀರು ಹಾಕಿ ಆರಿಸಬೇಕು.

ಎಷ್ಟು ಕಟಕಟೆ ಬೇಕು ಅಂತ ಅಪ್ಪ, ನಾನು ಕೂತು ಲೆಕ್ಕ ಹಾಕಿದೆವು. ಗಂಟೆಗೆ 30 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ ಎಂಟು ಮೀಟರ್ ದಾಟುತ್ತದೆ. ಸಂದಿ ಸಂದಿಯ ಸ್ಲೀಪರ್ ಮೇಲೆ ಸ್ಪ್ಯಾನರ್ ಹೊತ್ತ ಮನುಷ್ಯ ಅಷ್ಟು ಓಡಲಾರ. ಕೊನೆಗೆ 4, 8, 12ನೇ ಬೆಂಟ್‌ಗಳ ಮೇಲೆ ಒಂದೊಂದು ಎಂದು ತೀರ್ಮಾನವಾಯಿತು. ಸೇತುವೆಯ ಯಾವ ಜಾಗದಲ್ಲಿದ್ದರೂ ಒಂಬತ್ತು ಹತ್ತು ಮೀಟರ್ ಒಳಗೆ ಕಟಕಟೆ ಇಲ್ಲವೇ ಗಟ್ಟಿ ನೆಲ ಸಿಗುತ್ತದೆ. 7 ಮಿ.ಮೀ. ದಪ್ಪದ ಗುಂಡುಕಡ್ಡಿ ಕತ್ತರಿಸಿ, ಕಪ್ಪು ದಾರ ಸುತ್ತಿ ಪೀಪಾಯಿ ಮಾಡಿದವರು ಅಪ್ಪನೇ.

ನೀವೂ ಶುರು ಮಾಡುವುದಾದರೆ

ಪೂರ್ತಿ ಲೇಔಟ್ ಬೇಡ, ರೈಲೂ ಬೇಡ. ಒಂದೇ ಒಂದು ಬೆಂಟ್ ಮಾಡಿ. ಐದು ಕಂಬ, ಮೇಲೊಂದು ಕೆಳಗೊಂದು ಅಡ್ಡತೊಲೆ, ಎರಡು ಓರೆಪಟ್ಟಿ. ಒಂಬತ್ತು ತುಂಡು, ಎರಡು ಸಂಜೆ. ಜಿಗ್‌ಗೆ ಅವಸರ ಮಾಡಬೇಡಿ. ಬ್ಲೇಡ್ ಆಗಾಗ ಬದಲಿಸಿ, ಮೊಂಡಾದ ಬ್ಲೇಡೇ ಬೆರಳು ಕೊಯ್ಯುವುದು. ಮೊಬೈಲ್‌ನಲ್ಲಿ ಹಳೇ ಫೋಟೊ ನೋಡುವಾಗ ಸೇತುವೆಯ ಜೊತೆಗೆ ಅದರ ಮೇಲೆ ನಿಂತವರನ್ನೂ ದೊಡ್ಡದು ಮಾಡಿ ನೋಡಿ. ಅವರು ಎಲ್ಲಿ ನಿಂತಿದ್ದಾರೆ, ಕೈಯಲ್ಲಿ ಏನಿದೆ ಅನ್ನುವುದರಿಂದ ಡೀಟೇಲಿಂಗ್‌ಗೆ ಬೇಕಾದ ಅರ್ಧ ಮಾಹಿತಿ ಸಿಗುತ್ತದೆ.

ಇನ್ನೊಂದು ಮಾತು. ನಿಮ್ಮ ಮನೆಯಲ್ಲಿ ರೈಲ್ವೆಯಲ್ಲೋ, ರಸ್ತೆ ಕೆಲಸದಲ್ಲೋ, ಮರಗೆಲಸದಲ್ಲೋ ದುಡಿದ ಹಿರಿಯರಿದ್ದರೆ ಎಲ್ಲಾ ಮುಗಿಯುವವರೆಗೆ ಕಾಯಬೇಡಿ. ಅರ್ಧ ಆಗಿರುವಾಗಲೇ ಕರೆದು ತೋರಿಸಿ.